ಹೂಮಳೆಯ ಲೆಕ್ಕ

ನಾಲ್ಕು ತಿಂಗಳು ಕಾದ ಮೇಲೆ ನಿನ್ನೆ ಸಂಜೆ ಸಂಶೋಧನಾ ಜರ್ನಲ್‌ನಿಂದ ಮೇಲ್ ಬಂತು. ಮಡಿಕೇರಿಯಲ್ಲಿ ಜೋರು ಮಳೆ, ಕರೆಂಟ್ ಇಲ್ಲ, ಮೊಬೈಲಲ್ಲೇ ಓದಿದೆ. ಕಾಫಿ ತೋಟದ ನೆರಳು ಮರಗಳ ಬಗ್ಗೆ ಬರೆದ ಪೇಪರ್. ಎಷ್ಟೋ ಪೇಪರ್‌ಗಳನ್ನು ಸಂಪಾದಕರು ಮೊದಲ ನೋಟಕ್ಕೇ ವಾಪಸ್ ಕಳಿಸುತ್ತಾರೆ, ನನ್ನದು ಇಬ್ಬರು ವಿಮರ್ಶಕರ ಕೈಗೆ ಹೋಗಿತ್ತು. ಒಬ್ಬರು ಸಣ್ಣಪುಟ್ಟ ತಿದ್ದುಪಡಿ ಸಾಕು ಅಂದಿದ್ದಾರೆ. ಇನ್ನೊಬ್ಬರು, ಯಾರು ಅಂತಲೂ ಗೊತ್ತಿಲ್ಲ, ಎರಡು ಪುಟ ಬರೆದು ಒಂದೇ ಪ್ರಶ್ನೆಗೆ ಬಂದು ನಿಂತಿದ್ದಾರೆ: ಹೂಮಳೆ (ಕಾಫಿ ಹೂ ಅರಳಿಸುವ ಬೇಸಿಗೆ ಮಳೆ) ಯಾವ ವರ್ಷ ಯಾವಾಗ, ಎಷ್ಟು ಬಂತು, ಅದನ್ನು ಬಿಟ್ಟು ಇಳುವರಿಗೆ ಮರಗಳೇ ಕಾರಣ ಅಂತ ಹೇಗೆ ಹೇಳುತ್ತೀರಿ?

ರಾತ್ರಿಯೆಲ್ಲಾ ಸಿಟ್ಟಿತ್ತು. 1936ರಲ್ಲಿ ಐನ್‌ಸ್ಟೈನ್‌ಗೂ ಸಿಟ್ಟು ಬಂದಿತ್ತಂತೆ, ಫಿಸಿಕಲ್ ರಿವ್ಯೂ ಅನ್ನುವ ಭೌತಶಾಸ್ತ್ರದ ಜರ್ನಲ್ ತಮ್ಮ ಪೇಪರನ್ನು ತಮ್ಮನ್ನು ಕೇಳದೆ ಇನ್ನೊಬ್ಬರಿಗೆ ತೋರಿಸಿತು ಅಂತ ವಾಪಸ್ಸೇ ತಗೊಂಡರು. ಆದರೆ ಗುರುತ್ವ ತರಂಗಗಳೇ ಇಲ್ಲ ಅನ್ನುವ ಆ ವಾದದಲ್ಲಿ ನಿಜಕ್ಕೂ ತಪ್ಪಿತ್ತು. ಕೊನೆಗೆ ತಿದ್ದಿ ಬೇರೆ ಕಡೆ ಪ್ರಕಟಿಸಿದರು.

ಬೆಳಿಗ್ಗೆ ಮಾವನ ಮಳೆ ಪುಸ್ತಕ ತೆಗೆದೆ. ಇಂಚು, ಸೆಂಟ್ (ಇಂಚಿನ ನೂರನೇ ಒಂದು ಭಾಗ) ಲೆಕ್ಕದಲ್ಲಿ, ನೀಲಿ ಶಾಯಿಯಲ್ಲಿ, ಒಂದು ಮಾರ್ಚ್ ಕೂಡ ಬಿಟ್ಟಿಲ್ಲ. ಪೇಪರ್ ವಿಮರ್ಶೆ ಸಾಮಾನ್ಯವಾಗಿ ದುಡ್ಡೂ ಸಿಗದ ಕೆಲಸ, ಆದರೂ ಆ ಎರಡನೇ ವಿಮರ್ಶಕ ಪುಣ್ಯಾತ್ಮರು ಅಷ್ಟು ಗಮನ ಕೊಟ್ಟು ಓದಿದ್ದಾರೆ. ಕೇಳಿದ್ದು ನ್ಯಾಯ ಅಲ್ವಾ? ಹನ್ನೆರಡು ವರ್ಷದ ಮಳೆಯನ್ನು ಟೈಪ್ ಮಾಡುತ್ತಾ ಕೂತಿದ್ದೇನೆ.