ಜಿಮೇಲ್ ವಿಳಾಸ ಬಿಡಲು ಎಂಟು ತಿಂಗಳು

ಗೂಗಲ್ ಬಿಡಬೇಕು ಅಂತ ಕೂತಾಗ ಸರ್ಚ್ ಬಿಡುವುದೇ ಕಷ್ಟ ಅಂದುಕೊಂಡಿದ್ದೆ. ಅದು ಐದು ನಿಮಿಷದ ಕೆಲಸ. ಫೈರ್‌ಫಾಕ್ಸ್ ಬ್ರೌಸರ್ ಹಾಕಿಕೊಂಡು ಸೆಟ್ಟಿಂಗ್ಸ್‌ನಲ್ಲಿ ಗೂಗಲ್ ಬದಲು ಡಕ್‌ಡಕ್‌ಗೋ ಅನ್ನೋ ಸರ್ಚ್ ಆರಿಸಿದೆ, ಅಷ್ಟೇ. ನಿಜವಾಗಿ ಸುಸ್ತು ಮಾಡಿದ್ದು ಇಮೇಲ್ ವಿಳಾಸ.

ಹದಿನೈದು ವರ್ಷದಲ್ಲಿ ಅದನ್ನು ಎಲ್ಲೆಲ್ಲಿ ಕೊಟ್ಟಿದ್ದೆ ಅಂತ ನನಗೇ ನೆನಪಿರಲಿಲ್ಲ. ಬ್ಯಾಂಕ್, ಪ್ಯಾನ್, ಪಿಎಫ್, ವಿಮೆ, ರೈಲು ಟಿಕೆಟ್, ಗ್ಯಾಸ್, ಮಗಳ ಶಾಲೆ, ಹೀಗೆ ನೋಟ್‌ಬುಕ್ಕಿನಲ್ಲಿ ಬರೆಯುತ್ತಾ ಹೋದರೆ ಅರವತ್ತಮೂರು ಆಯಿತು. ವಾರಕ್ಕೆ ಎರಡು ಮೂರರಂತೆ ಬದಲಿಸಿದೆ. ಕೆಲವು ಕಡೆ ಹಳೆಯ ವಿಳಾಸಕ್ಕೆ ಬರುವ ಒಟಿಪಿ ಹಾಕದಿದ್ದರೆ ಹೊಸದನ್ನು ತೆಗೆದುಕೊಳ್ಳುವುದೇ ಇಲ್ಲ. ಹಾಗಾಗಿ ದಯವಿಟ್ಟು ಅವಸರದಲ್ಲಿ ಹಳೆಯ ಖಾತೆ ಅಳಿಸಬೇಡಿ. ಹೊಸ ವಿಳಾಸಕ್ಕೆ ದುಡ್ಡು ಕೊಟ್ಟು ನನ್ನದೇ ಡೊಮೈನ್, ಅಂದರೆ ವಿಳಾಸದಲ್ಲಿ @ ಆದಮೇಲೆ ಬರುವ ಹೆಸರು, ತೆಗೆದುಕೊಂಡೆ. ನಾಳೆ ಮೇಲ್ ಕಂಪನಿ ಬದಲಿಸಿದರೂ ವಿಳಾಸ ನನ್ನ ಹತ್ತಿರವೇ ಇರುತ್ತದೆ.

ಗೂಗಲ್‌ನಲ್ಲಿದ್ದ ಫೋಟೋಗಳನ್ನು, ನಮ್ಮ ಮಾಹಿತಿ ಹಿಂದಕ್ಕೆ ಪಡೆಯಲು ಅವರೇ ಇಟ್ಟಿರುವ ಟೇಕ್‌ಔಟ್‌ನಿಂದ ಇಳಿಸಿಕೊಂಡೆ. ತೆಗೆದ ದಿನಾಂಕ, ಜಾಗದ ವಿವರ ಪ್ರತಿ ಫೋಟೋ ಜೊತೆ ಬೇರೆ ಜೇಸನ್ (.json) ಫೈಲಿನಲ್ಲಿ ಬರುತ್ತದೆ. ಅದನ್ನು ಕಸ ಅಂತ ಎಸೆಯಬೇಡಿ.

ಇಷ್ಟೆಲ್ಲ ಯಾಕೆ ಅಂತ ಅಣ್ಣ ಕೇಳಿದ. 2021ರ ಜೂನ್ ನೆನಪಿದೆ ಅಲ್ವಾ? ಭಾರತದ ಅತಿ ಕೆಟ್ಟ ಭಾಷೆ ಯಾವುದು ಅಂತ ಹುಡುಕಿದರೆ ಗೂಗಲ್ ಮೇಲ್ಗಡೆ ಕನ್ನಡ ಅಂತ ತೋರಿಸುತ್ತಿತ್ತು. ಜನ ರೊಚ್ಚಿಗೆದ್ದ ಮೇಲೆ ತೆಗೆದು ಕ್ಷಮೆ ಕೇಳಿದರು. ಯಾವುದೋ ಪುಟದಲ್ಲಿದ್ದ ಮಾತು ಒಂದೇ ಬಾಗಿಲಿನಿಂದ ಎಲ್ಲರ ಮುಂದೆ ಉತ್ತರ ಆಗಿ ಬಂದಿತ್ತು. ಆ ಬಾಗಿಲಲ್ಲೇ ನಾವೆಲ್ಲ ನಿಂತಿದ್ದೇವೆ ಅನ್ನೋದು ಆಗ ನನಗೆ ತಟ್ಟಿತು. ಫೋನು, ಬ್ರೌಸರ್‌ಗಳಲ್ಲಿ ತನ್ನ ಸರ್ಚ್ ಮೊದಲೇ ಇರಲಿ ಅಂತ ಗೂಗಲ್ 2021ರಲ್ಲಿ 2,630 ಕೋಟಿ ಡಾಲರ್ ಕೊಟ್ಟಿತ್ತು ಅಂತ ಅಮೆರಿಕ ಸರ್ಕಾರ ಗೂಗಲ್ ಮೇಲೆ ಹಾಕಿದ ಮೊಕದ್ದಮೆಯಲ್ಲಿ ಹೊರಬಂತು. ನಾವ್ಯಾರೂ ಬದಲಿಸುವ ಗೋಜಿಗೆ ಹೋಗುವುದಿಲ್ಲ ಅಂತ ಅವರಿಗೆ ಚೆನ್ನಾಗಿ ಗೊತ್ತು.

ಈಗ ನಾನು ಬೇಕಾದ ಕಡೆಗೆ ನೇರವಾಗಿ ಹೋಗುತ್ತೇನೆ. ಕನ್ನಡ ಪದಕ್ಕೆ ಇಂಗ್ಲಿಷ್ ಅರ್ಥ ಬೇಕಾದರೆ ಅಲರ್ ನಿಘಂಟು. ವಿ. ಕೃಷ್ಣ ಅವರು ದಶಕಗಳ ಕಾಲ ಕೂತು ಒಂದೂವರೆ ಲಕ್ಷ ಪದ ಕೂಡಿಸಿ, ಎಲ್ಲರೂ ಬಳಸಲಿ ಅಂತ ಬಿಟ್ಟುಕೊಟ್ಟಿದ್ದಾರೆ. ಇಷ್ಟು ವರ್ಷ ಅದು ನನ್ನ ಕಣ್ಣಿಗೇ ಬಿದ್ದಿರಲಿಲ್ಲ! ದಾರಿಗೆ ಜನರೇ ಸೇರಿ ಮಾಡುವ ನಕ್ಷೆ ಓಪನ್‌ಸ್ಟ್ರೀಟ್‌ಮ್ಯಾಪ್. ನಮ್ಮೂರಿನ ನ್ಯಾಯಬೆಲೆ ಅಂಗಡಿ, ಕೆರೆ ಏರಿ ಮೇಲಿನ ಕಾಲುದಾರಿ ಅದರಲ್ಲಿ ನಾನೇ ಗುರುತು ಹಾಕಿದ್ದು. ಮೊದಲೇ ಇಳಿಸಿಕೊಂಡರೆ ಘಟ್ಟದಲ್ಲಿ ನೆಟ್‌ವರ್ಕ್ ಇಲ್ಲದಾಗಲೂ ನಡೆಯುತ್ತದೆ. ಆದರೆ ಬೆಂಗಳೂರಿನ ಟ್ರಾಫಿಕ್ ತೋರಿಸುವುದಿಲ್ಲ, ಅದು ದೊಡ್ಡ ಕೊರತೆಯೇ.

ಯೂಟ್ಯೂಬ್ ಬಿಟ್ಟಿಲ್ಲ. ನನಗೆ ಬೇಕಾದ ತಾಳಮದ್ದಳೆ ಬೇರೆಲ್ಲೂ ಸಿಕ್ಕಿಲ್ಲ. ಬ್ಯಾಂಕ್ ಆಪ್ ನಿಂತುಹೋದರೆ ಅನ್ನೋ ಭಯಕ್ಕೆ ಫೋನಿನಲ್ಲಿ ಗೂಗಲ್‌ನದೇ ಆದ ಆಂಡ್ರಾಯ್ಡ್ ಹಾಗೇ ಇದೆ. ಅಮ್ಮನ ಫೋನಂತೂ ಮುಟ್ಟಿಲ್ಲ. ಅಮ್ಮ ಮೈಕ್ ಒತ್ತಿ ಕನ್ನಡದಲ್ಲೇ ಮಾತಾಡಿ ಹುಡುಕುತ್ತಾರೆ, ಅಷ್ಟು ಚೆನ್ನಾಗಿ ಅವರ ಮಾತು ಹಿಡಿಯುವ ಇನ್ನೊಂದು ನನಗೆ ಸಿಕ್ಕಿಲ್ಲ.

ತಿಂಗಳಿಗೊಮ್ಮೆ ಹಳೆಯ ಖಾತೆ ತೆರೆದು, ಅಲ್ಲಿಗೆ ಯಾರ ಮೇಲ್ ಬಂದಿದೆ ಅಂತ ನೋಡಿ ಅವರಿಗೆ ಹೊಸ ವಿಳಾಸ ಕೊಡುತ್ತೇನೆ. ಈ ಸಲ ಎರಡೇ ಇದ್ದವು. ಒಂದು ಕರೆಂಟ್ ಬಿಲ್, ಇನ್ನೊಂದು ಕಾಲೇಜಿನ ಹಳೆಯ ಗೆಳೆಯನ ಮಗನ ನಾಮಕರಣದ ಕರೆ.