ನಾಲ್ಕು ಪಾಸ್, ಒಂದೂ ತಪ್ಪಿಲ್ಲ

ಮೂರು ದಿನದಿಂದ ಕಂಪ್ಯೂಟರ್ ಇದ್ದಕ್ಕಿದ್ದಂತೆ ನೀಲಿ ಪರದೆ ತೋರಿಸಿ ರೀಸ್ಟಾರ್ಟ್ ಆಗುತ್ತಿತ್ತು. ಇದ್ದ ಎರಡು ರ‍್ಯಾಮ್ ಕಡ್ಡಿಗಳ ಜೊತೆ ಅದೇ ಮಾದರಿಯ ಇನ್ನೆರಡು ಹಾಕಿ 16 ಜಿಬಿಯನ್ನು 32 ಮಾಡಿದ ಮೇಲೆ ಶುರುವಾಗಿದ್ದು ಇದು.

ನಿನ್ನೆ ರಾತ್ರಿ ಪೆನ್‌ಡ್ರೈವ್‌ನಿಂದ ರ‍್ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್86 ಪ್ರೋಗ್ರಾಂ ಓಡಿಸಿದೆ. ಇಪ್ಪತ್ತೇ ನಿಮಿಷಕ್ಕೆ ಕೆಂಪು ಸಾಲುಗಳು, ಅಂದರೆ ತಪ್ಪುಗಳು. ಎರಡೆರಡೇ ಹಾಕಿದರೆ ಸರಿ, ನಾಲ್ಕೂ ಸೇರಿದರೆ ಮಾತ್ರ ತಪ್ಪು. ಬಯಾಸ್‌ನಲ್ಲಿ (ಕಂಪ್ಯೂಟರ್‌ನ ಮೂಲ ಸೆಟ್ಟಿಂಗ್‌ಗಳಲ್ಲಿ) ರ‍್ಯಾಮನ್ನು ಹೆಚ್ಚು ವೇಗದಲ್ಲಿ ಓಡಿಸುವ ಎಕ್ಸ್‌ಎಂಪಿ ಆನ್ ಇತ್ತು, ವೇಗ 3600. ಇದು ಡಿಡಿಆರ್4 ಬಗೆಯ ರ‍್ಯಾಮ್; ಅದಕ್ಕೆ ಆ ವೇಗ ಓವರ್‌ಕ್ಲಾಕ್, ಅಂದರೆ ನಿಗದಿತ ವೇಗ ಮೀರಿದ ಲೆಕ್ಕವೇ. ಕಡ್ಡಿ ನಾಲ್ಕಾದರೆ ಪ್ರೊಸೆಸರ್ ಒಳಗಿನ ಮೆಮೊರಿ ಕಂಟ್ರೋಲರ್‌ಗೆ ಹೊರೆ ಜಾಸ್ತಿ. ವೋಲ್ಟೇಜ್ 1.35ರಲ್ಲೇ ಬಿಟ್ಟು ವೇಗವನ್ನು 3200ಕ್ಕೆ ಇಳಿಸಿ, ಟೆಸ್ಟ್ ಹಚ್ಚಿ ಮಲಗಿದೆ.

ಅಪ್ಪನ ಹಳೇ ಫೋಟೋಗಳನ್ನು ಸ್ಕ್ಯಾನ್ ಮಾಡಿ ಇದೇ ಮಷಿನ್‌ನಲ್ಲಿ ಇಡುತ್ತಿದ್ದೇನೆ. ಮೆಮೊರಿಯಲ್ಲಿ ಒಂದು ಬಿಟ್ ತಪ್ಪಿದರೂ ಫೈಲ್ ಸದ್ದಿಲ್ಲದೆ ಕೆಡಬಹುದು. ಕ್ರ್ಯಾಶ್ ಆಗಿದ್ದೇ ಒಳ್ಳೇದಾಯ್ತು, ಅಲ್ವಾ? ಸುಮ್ನೆ ಓಡುತ್ತಿದ್ದರೆ ನನಗೆ ಗೊತ್ತೇ ಆಗುತ್ತಿರಲಿಲ್ಲ.

ಬೆಳಗ್ಗೆ ಎದ್ದು ನೋಡಿದರೆ ಟೆಸ್ಟ್‌ನ ನಾಲ್ಕು ಪಾಸ್ (ಪೂರ್ತಿ ಸುತ್ತು) ಮುಗಿದಿತ್ತು, ಒಂದೂ ತಪ್ಪಿಲ್ಲ. ಈ ವಾರ ಸ್ಕ್ಯಾನ್ ಮಾಡಿದ ಅರವತ್ತು ಫೋಟೋಗಳನ್ನು ಈಗ ಒಂದೊಂದಾಗಿ ತೆರೆದು ನೋಡುತ್ತಿದ್ದೇನೆ. ಅಪ್ಪ ಸೈಕಲ್ ಹಿಡಿದು ನಿಂತಿರುವುದು ಸರಿಯಾಗಿಯೇ ಇದೆ.