ಜಪಾನಿನ ಸೊನ್ನೆ

14 ಜೂನ್ 2025, ಶನಿವಾರ
ನಿಶಿ ಕಸಾಯ್, ಟೋಕಿಯೊ

ಬೆಳಗ್ಗೆಯಿಂದ ಬಿಡದ ಮಳೆ. ಪಾರ್ಕಿಗೆ ಹೋಗಲೇಬೇಕು ಎಂದು ಹಟ ಹಿಡಿದ ಮಗಳನ್ನು ಶಿರಿತೊರಿ ಆಡಲು ಕೂರಿಸಿಕೊಂಡೆ. ನಮ್ಮ ಅಂತ್ಯಾಕ್ಷರಿ ಥರದ್ದೇ, ಹಾಡಿನ ಬದಲು ಪದ. ಅವಳು ರಿಂಗೊ ಎಂದಳು, ಸೇಬು. ನಾನು ಗೊರಿರ. ಅವಳು ರಪ್ಪ, ತುತ್ತೂರಿ. ನಾನು ತಟ್ಟನೆ ‘ಪನ್’ ಎಂದುಬಿಟ್ಟೆ. ಬ್ರೆಡ್ಡು. ನಮ್ಮ ಪಾವ್ ಬಂದ ಪೋರ್ಚುಗೀಸ್ ಪದದಿಂದಲೇ ಇದೂ ಬಂದದ್ದು.

“ಅಮ್ಮ ಔಟ್!” ಎಂದು ಕುಣಿದಳು. ‘ನ್’ನಲ್ಲಿ ಮುಗಿದರೆ ಸೋತ ಹಾಗೆ. ಅದರಿಂದ ಶುರುವಾಗುವ ಜಪಾನಿ ಪದ ಇಲ್ಲವಲ್ಲ.

ಜಪಾನಿ ಲಿಪಿಗಳಲ್ಲೊಂದಾದ ಹಿರಗಾನದ 46 ಅಕ್ಷರಗಳಲ್ಲಿ ಸ್ವರದ ಹಂಗಿಲ್ಲದ ವ್ಯಂಜನ ಇದೊಂದೇ. ಪಟ್ಟಿಯ ಕೊನೆಯಲ್ಲಿ ಒಂಟಿಯಾಗಿ ಕೂತಿರುತ್ತದೆ. ಪೆನ್ನು ಎತ್ತದೆ ಬರೆಯಬೇಕು: ಓರೆಯಾಗಿ ಇಳಿದು, ಅದೇ ದಾರಿಯಲ್ಲಿ ತುಸು ಹಿಂದೆ ಬಂದು, ಬಲಕ್ಕೆ ಬಳುಕಿ ಬಾಲ ಎತ್ತಬೇಕು. ಹಿಂದೆ ಈ ಉಚ್ಚಾರಕ್ಕೆ ‘ಮು’ ಅಕ್ಷರವನ್ನೂ ಬಳಸುತ್ತಿದ್ದರು. 1900ರಲ್ಲಿ ಶಾಲೆಗಳಿಗೆಂದು ಒಂದು ಉಚ್ಚಾರಕ್ಕೆ ಒಂದೇ ರೂಪ ಎಂದು ಗೊತ್ತುಮಾಡಿದರು.

ನನಗಂತೂ ಇದು ನಮ್ಮ ಸೊನ್ನೆಯೇ. ‘ಸಂಬಂಧ’ದಲ್ಲಿ ಮೊದಲ ಸೊನ್ನೆ ಮ್, ಎರಡನೆಯದು ನ್, ಅಲ್ವಾ? ಇದೂ ಹಾಗೇ, ಮುಂದಿನ ಅಕ್ಷರ ನೋಡಿ ದನಿ ಬದಲಿಸುತ್ತದೆ. ತೋಜಾಯ್ ಲೈನಿನ ನಿಹೊಂಬಶಿ ಸ್ಟೇಷನ್ನಿನ ಹೆಸರನ್ನು ಜಪಾನಿ ಅಕ್ಷರಮಾಲೆಯಲ್ಲಿ ಇದೇ ಅಕ್ಷರ ಹಾಕಿ ಬರೆದಿದ್ದಾರೆ. ರೋಮನ್ ಲಿಪಿಯಲ್ಲಿ ಮಾತ್ರ ಎಂ.

ಮಾತ್ರೆ ಲೆಕ್ಕವೂ ಹೊಂದುತ್ತದೆ! ಶಾಲೆಯಲ್ಲಿ ಪ್ರಸ್ತಾರ ಹಾಕುವಾಗ ಸೊನ್ನೆ ಇರುವ ಅಕ್ಷರ ಗುರು, ಎರಡು ಮಾತ್ರೆ. ಇಲ್ಲಿ ‘ಪ’ ಒಂದು, ‘ನ್’ ಒಂದು. ನಮ್ಮ ಸೊನ್ನೆ ಇನ್ನೊಂದು ಅಕ್ಷರದ ಮಗ್ಗುಲಲ್ಲಿ ಒರಗಿರುತ್ತದೆ, ಇವರದ್ದಕ್ಕೆ ಸ್ವಂತ ಮನೆ. ಹೈಕುವಿನ 5-7-5 ಎಣಿಸುವಾಗ ಅದಕ್ಕೂ ಒಂದು ಬೆರಳು ಮಡಚಬೇಕು.

ಇದು ಗೊತ್ತಿಲ್ಲದೆ, ಬಂದ ಹೊಸತರಲ್ಲಿ ಒಂದು ಕಾಫಿ ಅಂಗಡಿಯಲ್ಲಿ ಪೇಚಿಗೆ ಸಿಕ್ಕಿದ್ದೆ. ಸಿಗರೇಟು ಸೇದದವರ ಸೀಟು ಬೇಕಿತ್ತು. ಕಿ-ನ್-ಎ-ನ್ ಎನ್ನಬೇಕು. ನಾನು ಕಿ-ನೆ-ನ್ ಎಂದೆ. ಹಾಗೆಂದರೆ ಸ್ಮರಣಾರ್ಥ! ಆ ಹುಡುಗಿ ಪಾಪ, ಯಾರ ಸ್ಮರಣಾರ್ಥ ಎಂದು ಕೇಳಲಿಲ್ಲ, ಸುಮ್ನೆ ನೋಡುತ್ತಾ ನಿಂತಳು. ವ್ಯಂಜನದ ಪಕ್ಕ ಸ್ವರ ಸಿಕ್ಕರೆ ಕನ್ನಡದವರು ಸಂಧಿ ಮಾಡದೆ ಬಿಡ್ತೀವಾ?

ಎರಡನೇ ಆಟಕ್ಕೆ ಮಗಳು ಸೆಮಿ ಎಂದಳು, ಜೀರುಂಡೆ. ‘ಮಿ’ಗೆ ಮಿಜು ಇತ್ತು, ನೀರು, ದಿನಾ ಹೇಳುವ ಪದ. ನನ್ನ ಬಾಯಿಗೆ ಬಂದದ್ದು ಕಿತ್ತಳೆ ಹಣ್ಣು. ಮಿಕನ್.